ಹಳೆಯ ವ್ಯಾನಿನ ಎಂಜಿನ್: ಅರೆಬರೆ ದುರಸ್ತಿಯೇ ದುಬಾರಿ

ಸಣ್ಣ ಕೈಗಾರಿಕೆ ಅಥವಾ ಸಗಟು ಮಳಿಗೆಯ ಲೆಕ್ಕಪುಸ್ತಕದಲ್ಲಿ ಹಳೆಯ ವ್ಯಾನಿಗೆ ಹೇಳಿಕೊಳ್ಳುವಂಥ ಬೆಲೆ ಇರುವುದಿಲ್ಲ. ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯುತ್ತ ಬಂದರೆ ಹನ್ನೆರಡು ವರ್ಷಗಳಲ್ಲಿ ಅದರ ಪುಸ್ತಕಬೆಲೆ ಕೊಂಡ ಬೆಲೆಯ ಏಳನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಆದರೆ ದೀಪಾವಳಿಯ ಹಿಂದಿನ ವಾರ ಅದೇ ವ್ಯಾನು ನೀಲಿ ಹೊಗೆ ಕಾರುತ್ತ ರಸ್ತೆಬದಿಯಲ್ಲಿ ನಿಂತಾಗ ಅದರ ನಿಜವಾದ ಬೆಲೆ ಮಾಲೀಕರಿಗೆ ತಿಳಿಯುತ್ತದೆ. ದುರದೃಷ್ಟವಶಾತ್, ಬಹುಪಾಲು ವರ್ತಕರು ಎಂಜಿನ್ ಬಗ್ಗೆ ತೀರ್ಮಾನ ಕೈಗೊಳ್ಳುವುದೂ ಅದೇ ದಿನ, ಅದೇ ಗಡಿಬಿಡಿಯಲ್ಲಿ.

ಆ ಗಡಿಬಿಡಿಯ ಫಲವೇ ಅರೆಬರೆ ಕೆಲಸ. ಸಿಲಿಂಡರಿನ ಬೋರ್ ಸವೆದು ಅಂಡಾಕಾರವಾಗಿದ್ದರೂ ಅದನ್ನು ಅಳೆಯದೆ ಹೊಸ ರಿಂಗ್ ಮಾತ್ರ ಕೂರಿಸಿ ವ್ಯಾನನ್ನು ಮರಳಿ ರಸ್ತೆಗಿಳಿಸಲಾಗುತ್ತದೆ. ಕೆಲವು ತಿಂಗಳು ಹೊಗೆ ಕಡಿಮೆಯಾಗುತ್ತದೆ. ಬಳಿಕ ಆಯಿಲ್ ಖರ್ಚು ಮೊದಲಿನಂತೆಯೇ ಏರುತ್ತದೆ. ಎರಡನೆಯ ಬಾರಿ ಎಂಜಿನ್ ಇಳಿಸುವಾಗ ಮೊದಲ ಸಲದ ಕೂಲಿ, ರಿಂಗ್, ಗ್ಯಾಸ್ಕೆಟ್‌ಗಳ ಹಣ ಪೂರ್ತಿ ನಷ್ಟ. ದುರಸ್ತಿ, ಪುನರ್ನಿರ್ಮಾಣ, ಬದಲಾವಣೆ ಎಂಬ ಮೂರು ಮಾರ್ಗಗಳಲ್ಲಿ ಯಾವುದೂ ಸ್ವತಃ ತಪ್ಪಲ್ಲ. ತಪ್ಪಿರುವುದು ಮೊದಲನೆಯದರ ಹಣದಲ್ಲಿ ಎರಡನೆಯದರ ಫಲ ನಿರೀಕ್ಷಿಸುವುದರಲ್ಲಿ.

ರೋಗವನ್ನು ಗುರುತಿಸುವುದು ಕಷ್ಟವೇನಲ್ಲ. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಅಳೆದು, ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನಲ್ಲಿದೆ. ಏರದಿದ್ದರೆ ವಾಲ್ವ್ ಇಲ್ಲವೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಇಂಥ ಕಡೆ ಹೆಡ್ಡಿನ ಕೆಲಸವಷ್ಟೇ ಸಾಕು. ಪೂರ್ತಿ ಎಂಜಿನ್ ಬಿಚ್ಚಿಸುವುದು ವ್ಯರ್ಥ. ಆಯಿಲ್ ಒತ್ತಡ ಬಿದ್ದು, ಕೆಳಭಾಗದಲ್ಲಿ ಭಾರವಾದ ಬಡಿತ ಕೇಳಿಬಂದರೆ ಕ್ರ್ಯಾಂಕ್ ಮತ್ತು ಬೇರಿಂಗ್‌ಗಳತ್ತ ಗಮನ ಹರಿಸದೆ ಗತ್ಯಂತರವಿಲ್ಲ. ಅರ್ಧ ದಿನದ ಈ ಪರೀಕ್ಷೆಗೆ ಸಮಯವಿಲ್ಲವೆನ್ನುವ ಮೆಕ್ಯಾನಿಕ್ ಕೈಗೆ ಎಂಜಿನ್ ಒಪ್ಪಿಸದಿರುವುದೇ ಲೇಸು.

ಇನ್ನು ವೆಚ್ಚದ ಮಾತು. ಮಾರಿದರೆ 60 ಸಾವಿರ ಬರುವ ವ್ಯಾನಿಗೆ 45 ಸಾವಿರ ಸುರಿಯುವುದು ಹುಚ್ಚುತನವೆಂಬ ಮಾತು ಪೇಟೆಯಲ್ಲಿ ಸಾಮಾನ್ಯ. ಈ ಹೋಲಿಕೆಯೇ ಸರಿಯಲ್ಲ. ಬೋರ್ ಮಾಡಿಸಿ, ಅಳತೆಗೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ ಎಂಜಿನ್ ಮೂರು ವರ್ಷ ದುಡಿಯಿತೆಂದು ಭಾವಿಸಿದರೂ 45 ಸಾವಿರವೆಂದರೆ ತಿಂಗಳಿಗೆ 1,250 ರೂಪಾಯಿ. ಹೊಸ ವಾಹನಕ್ಕೆಂದು ಐದು ಲಕ್ಷ ರೂಪಾಯಿಯನ್ನು ಶೇ. 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ತಂದರೆ ಮಾಸಿಕ ಕಂತೇ 10,600 ರೂಪಾಯಿ ದಾಟುತ್ತದೆ. ವಿಮೆಯ ಹೊರೆ ಬೇರೆ. ಹೋಲಿಸಬೇಕಾದದ್ದು ಈ ಎರಡು ಅಂಕಿಗಳನ್ನು. ಪುನರ್ನಿರ್ಮಾಣಕ್ಕೆ ಹಿಡಿಯುವ ದಿನಗಳಲ್ಲಿ ಬಾಡಿಗೆ ವಾಹನಕ್ಕೆ ತೆರುವ ಹಣವನ್ನೂ ಮೊದಲ ಅಂಕಿಗೆ ಸೇರಿಸತಕ್ಕದ್ದು. ಅನೇಕರು ಮರೆಯುವುದು ಇದನ್ನೇ. ವ್ಯಾಪಾರ ತಣ್ಣಗಿರುವ ತಿಂಗಳಲ್ಲಿ, ವ್ಯಾನು ಇನ್ನೂ ಓಡುತ್ತಿರುವಾಗಲೇ ಎಂಜಿನ್ ಬಿಚ್ಚಿಸಿದವರಿಗೆ ಈ ಬಾಬ್ತು ಅರ್ಧಕ್ಕಿಳಿಯುತ್ತದೆ.

ಆದಾಗ್ಯೂ ಎಂಜಿನ್ ಮಾತ್ರ ನೋಡಿ ನಿರ್ಧರಿಸುವಂತಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲೋ ಮಲೆನಾಡಿನ ಮಳೆಯಲ್ಲೋ ಹತ್ತಾರು ವರ್ಷ ದುಡಿದ ವ್ಯಾನಿನ ತಳದ ತಗಡು, ಸಸ್ಪೆನ್ಷನ್ ಕೂರುವ ಜಾಗಗಳು ತುಕ್ಕು ಹಿಡಿದಿದ್ದರೆ ಒಳ್ಳೆಯ ಎಂಜಿನ್ನಿಗೆ ಹಾಕಿದ ಹಣ ಕೊನೆಗೆ ಗುಜರಿ ಸೇರುತ್ತದೆ. 15 ವರ್ಷ ದಾಟಿದ ವಾಹನಗಳ ಅರ್ಹತಾ ಪತ್ರದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಹೆಚ್ಚಿಸಲಾಗಿದೆ ಎಂಬುದೂ ಗಣನೆಗೆ ಬರಬೇಕು. ಬಿಡಿಭಾಗದ ಲಭ್ಯತೆ ಇನ್ನೊಂದು ಪ್ರಶ್ನೆ. ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು; ಆದರೆ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ದಶಕಗಳ ಕಾಲ ಲಕ್ಷಾಂತರ ವಾಹನಗಳಲ್ಲಿ ಬಳಕೆಯಾದದ್ದರಿಂದ ಅದನ್ನು ಬಲ್ಲ ಕೈಗಳು ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಬೆರಳೆಣಿಕೆಯಷ್ಟು ಮಾರಾಟವಾಗಿ ಮರೆಯಾದ ಮಾದರಿಗಳ ಮಾಲೀಕರಿಗೆ ಈ ಅನುಕೂಲವಿಲ್ಲ.

ಗುಜರಿಯಿಂದ ತಂದ ಹಳೆಯ ಎಂಜಿನ್ ಕೂರಿಸುವುದು ಎರಡೇ ದಿನದ ಕೆಲಸವೆಂಬ ಆಕರ್ಷಣೆ ದೊಡ್ಡದು. ಅದರ ಪೂರ್ವಚರಿತ್ರೆ ಮಾರುವವನಿಗೂ ತಿಳಿದಿರುವುದಿಲ್ಲ. ಎಂಜಿನ್ ಸಂಖ್ಯೆ ನಮೂದಿಸಿದ ಬಿಲ್ಲಿಲ್ಲದೆ ಅದನ್ನು ಕೊಳ್ಳಲೇಬಾರದು. ಎಂಜಿನ್ ಬದಲಿಸಿದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ವಿಧಿಸುತ್ತದೆ. ಸಂಖ್ಯೆ ಹೊಂದದಿದ್ದರೆ ಅರ್ಹತಾ ಪರೀಕ್ಷೆಯಲ್ಲೂ, ಅಪಘಾತದ ನಂತರ ವಿಮಾ ಪರಿಹಾರ ಕೇಳುವಾಗಲೂ ತೊಡಕು ತಪ್ಪಿದ್ದಲ್ಲ.

ತೆರಿಗೆಯ ವಿಷಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲೂ ಸರಕು ಸಾಗಣೆ ವಾಹನಗಳ ಮೇಲೂ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸಾಮಾನ್ಯ ನೋಂದಣಿಯುಳ್ಳ ವರ್ತಕರು ಸರಕು ವಾಹನದ ದುರಸ್ತಿ ಬಿಲ್ಲಿನ ಮೇಲೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಅದೇ ವ್ಯಾನು ಪ್ರಯಾಣಿಕ ವಾಹನವೆಂದು ನೋಂದಣಿಯಾಗಿದ್ದರೆ ಸಾಮಾನ್ಯವಾಗಿ ಈ ಸೌಲಭ್ಯ ದೊರೆಯದು. ಬಿಲ್ಲಿಲ್ಲದೆ ನಾಲ್ಕು ಕಾಸು ಉಳಿಸುವ ಮುನ್ನ ಈ ಲೆಕ್ಕವನ್ನೂ ಹಾಕುವುದು ಒಳ್ಳೆಯದು.

ಪುನರ್ನಿರ್ಮಾಣವೆಂದು ನಿಶ್ಚಯಿಸಿದವರು ಬೋರ್, ಕ್ರ್ಯಾಂಕ್‌ಗಳ ಅಳತೆಯನ್ನು ಬೋರಿಂಗ್ ವರ್ಕ್‌ಷಾಪಿನಿಂದ ಬರೆಸಿಕೊಳ್ಳಬೇಕು. ರೇಡಿಯೇಟರ್ ಮತ್ತು ವಾಟರ್ ಪಂಪ್ ಹಳೆಯವೇ ಉಳಿದರೆ ಹೊಸ ಪಿಸ್ಟನ್ ಮೊದಲ ಬೇಸಿಗೆಯಲ್ಲೇ ಕಚ್ಚಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಮೊದಲ 1000 ಕಿ.ಮೀ. ಪೂರ್ತಿ ಹೊರೆ ಹೇರದೆ ಓಡಿಸಿ ಆಯಿಲ್ ಬದಲಿಸಬೇಕೆಂಬುದನ್ನು ಮಾಲೀಕರು ಚಾಲಕನಿಗೆ ತಾವೇ ಹೇಳತಕ್ಕದ್ದು. ಲೋಡ್ ಹೇರುವ ಹಮಾಲರಿಗೂ ಹೇಳಿಟ್ಟರೆ ಇನ್ನೂ ಕ್ಷೇಮ.