ಸಿಂಧ್‌ನ ಹೆಣ್ಣುಮಕ್ಕಳ ಪರ ನಮ್ಮ ಉಲೇಮಾಗಳು ಮಾತಾಡಲಿ



ಪಾಕಿಸ್ತಾನದ ಸಿಂಧ್ ಪ್ರಾಂತ್ಯದಿಂದ ಹಿಂದೂ ಹೆಣ್ಣುಮಕ್ಕಳ ಬಲವಂತದ ಮತಾಂತರದ ಸುದ್ದಿ ಬಂದಾಗಲೆಲ್ಲ ನಮ್ಮ ಸಮುದಾಯದ ಮುಖಂಡರು ‘ಇಸ್ಲಾಮಿನಲ್ಲಿ ಇದಕ್ಕೆ ಅವಕಾಶವೇ ಇಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಮಾತು ನಿಜ. ಆದರೆ ಅವಕಾಶವಿಲ್ಲದ್ದು ನಮ್ಮ ಧರ್ಮದ ಹೆಸರಿನಲ್ಲೇ ನಡೆಯುತ್ತಿರುವಾಗ ಅಷ್ಟಕ್ಕೇ ಸುಮ್ಮನಾಗುವುದನ್ನು ಮುಸ್ಲಿಮನಾದ ನಾನು ಒಪ್ಪಲಾರೆ.

ಸಿಂಧ್‌ನ ಉಮರ್‌ಕೋಟ್, ಘೋಟ್ಕಿ, ಮೀರ್‌ಪುರ್ ಖಾಸ್ ಕಡೆಯಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರ. ಮೇಘವಾರ್, ಭೀಲ್ ಅಥವಾ ಕೋಲ್ಹಿ ಜಾತಿಯ, ಜಮೀನ್ದಾರರ ಹೊಲದಲ್ಲಿ ದುಡಿಯುವ ಬಡವರ ಮನೆಯ ಹುಡುಗಿ ಕಾಣೆಯಾಗುತ್ತಾಳೆ. ತಂದೆ ಠಾಣೆಗೆ ಅಲೆಯುವಷ್ಟರಲ್ಲಿ ಮತಾಂತರದ ಪ್ರಮಾಣಪತ್ರ, ನಿಕಾಹ್‌ನಾಮಾ (ಮದುವೆಯ ಕರಾರುಪತ್ರ) ಎರಡೂ ಸಿದ್ಧ. ವಯಸ್ಸು 18 ದಾಟಿದೆ ಎಂದು ಬರೆದಿರುತ್ತಾರೆ. ಅಲ್ಲವೆನ್ನಲು ಎಷ್ಟೋ ಹೆತ್ತವರ ಬಳಿ ಜನನ ನೋಂದಣಿಯ ಕಾಗದವೇ ಇರುವುದಿಲ್ಲ. ಮನಸಾರೆ ಹೋದವರೂ ಇರಬಹುದು. ಯಾರು ಮನಸಾರೆ ಹೋದರು, ಯಾರನ್ನು ಎಳೆದೊಯ್ದರು ಎಂದು ತಿಳಿಯುವ ದಾರಿಯನ್ನೇ ಮುಚ್ಚಿರುವುದು ನನ್ನ ತಕರಾರು.

ಆ ದಾರಿ ತೆರೆಯಲು 2016ರ ನವೆಂಬರ್‌ನಲ್ಲಿ ಸಿಂಧ್ ವಿಧಾನಸಭೆ ಒಂದು ಮಸೂದೆ ಅಂಗೀಕರಿಸಿತ್ತು. ಅದರ ಪ್ರಕಾರ 18 ತುಂಬದವರ ಮತಾಂತರಕ್ಕೆ ಮಾನ್ಯತೆ ಇಲ್ಲ. ವಯಸ್ಕರಿಗೆ ಯೋಚಿಸಲು 21 ದಿನ, ಅದೂ ಸುರಕ್ಷಿತ ಸ್ಥಳದಲ್ಲಿ. ಕರೆದೊಯ್ದವರ ಕಣ್ಣಳತೆಯಿಂದ ಆಚೆ ಒಬ್ಬ ಹೆಣ್ಣುಮಗಳಿಗೆ ಮೂರು ವಾರ ಸಿಕ್ಕರೆ ಯಾರ ಈಮಾನ್‌ಗೆ (ವಿಶ್ವಾಸಕ್ಕೆ) ಏನು ನಷ್ಟ? ಧಾರ್ಮಿಕ ಪಕ್ಷಗಳು ಬೀದಿಗಿಳಿದವು, ರಾಜ್ಯಪಾಲರು ಸಹಿ ಹಾಕದೆ ಹಿಂದಿರುಗಿಸಿದರು. 2021ರ ಅಕ್ಟೋಬರ್‌ನಲ್ಲಿ ಇಂಥದೇ ಇನ್ನೊಂದು ಮಸೂದೆಯನ್ನು ಪಾಕಿಸ್ತಾನದ ಸಂಸದೀಯ ಸಮಿತಿಯೂ ತಳ್ಳಿಹಾಕಿತು.

ವಯಸ್ಸಿನ ಮಿತಿಯನ್ನು ವಿರೋಧಿಸುವವರು ಹಜರತ್ ಅಲಿಯವರು ಬಾಲಕರಾಗಿದ್ದಾಗಲೇ ಇಸ್ಲಾಂ ಸ್ವೀಕರಿಸಿದ್ದನ್ನು ಮುಂದಿಡುತ್ತಾರೆ. ಅಲಿಯವರು ಪ್ರವಾದಿಯವರ ಮನೆಯಲ್ಲೇ ಬೆಳೆದ ಮಗು. ಅವರನ್ನು ಯಾರೂ ಹೊತ್ತೊಯ್ಯಲಿಲ್ಲ, ಕಲಿಮಾ (ಇಸ್ಲಾಂ ಸ್ವೀಕಾರದ ಪ್ರಮಾಣವಚನ) ಓದಿಸಿದ ಬೆನ್ನಿಗೇ ನಿಕಾಹ್ ಮಾಡಿಸಲಿಲ್ಲ. ಈ ಹೋಲಿಕೆ ಅಲಿಯವರಿಗೇ ಅವಮಾನ.

ಧರ್ಮದಲ್ಲಿ ಬಲವಂತವನ್ನು ನಿಷೇಧಿಸುವ, ಕುರ್‌ಆನಿನ ಅಲ್ ಬಕರಾ ಅಧ್ಯಾಯದ 256ನೇ ವಚನದ ಹಿನ್ನೆಲೆಯನ್ನು ಇವರು ಮರೆತಂತಿದೆ. ಅಬೂ ದಾವೂದ್ ಹದೀಸ್ ಸಂಗ್ರಹದ ಪ್ರಕಾರ, ಮದೀನಾದಲ್ಲಿ ಮಕ್ಕಳು ಉಳಿಯದ ತಾಯಂದಿರು, ಹುಟ್ಟಿದ ಮಗು ಬದುಕಿದರೆ ಯಹೂದಿಯಾಗಿ ಬೆಳೆಸುವೆವೆಂದು ಹರಕೆ ಹೊರುತ್ತಿದ್ದರು. ಬನೂ ನದೀರ್ ಯಹೂದಿಗಳು ಊರು ಬಿಡಬೇಕಾಗಿ ಬಂದಾಗ ಹಾಗೆ ಬೆಳೆದ ಮಕ್ಕಳೂ ಅವರೊಂದಿಗಿದ್ದರು. ನಮ್ಮ ಮಕ್ಕಳನ್ನು ಬಿಡೆವು ಎಂದು ಮುಸ್ಲಿಂ ಬಂಧುಗಳು ಪಟ್ಟು ಹಿಡಿದಾಗ ಈ ವಚನ ಬಂತು. ಹೆತ್ತವರಿಗೂ ಇಲ್ಲದ ಹಕ್ಕು ಪರರ ಮಗಳ ಮೇಲೆ ಮೌಲವಿಗೆ ಎಲ್ಲಿಂದ ಬಂತು? ರಕ್ಷಣೆ ಪಡೆದ ಅನ್ಯಧರ್ಮೀಯರನ್ನು ಬಲವಂತದಿಂದ ಮುಸ್ಲಿಮರಾಗಿಸಿದರೆ ಅದು ಊರ್ಜಿತವಲ್ಲವೆಂದು ಹಂಬಲಿ ಪಂಥದ ಪಂಡಿತ ಇಬ್ನ್ ಖುದಾಮಾ ಕೂಡ ಬರೆದಿದ್ದಾರೆ.

ಇನ್ನೊಂದು ಮಾತನ್ನು ನಾವು ಆಡುವುದೇ ಇಲ್ಲ. ತವರಿಗೆ ಮರಳಲು ಬಯಸುವ ಹುಡುಗಿಗೆ ‘ಮುರ್ತದ್’ (ಧರ್ಮ ತೊರೆದವಳು) ಎಂಬ ಪಟ್ಟ, ಪ್ರಾಣಭಯ. ಧರ್ಮ ತೊರೆದವರಿಗೆ ಮರಣದಂಡನೆ ಎಂದು ಹಿಂದಿನ ಫಿಖ್ಹ್ (ಧರ್ಮಶಾಸ್ತ್ರ) ಗ್ರಂಥಗಳಲ್ಲಿರುವುದು ಸತ್ಯ, ಅದನ್ನು ಮುಚ್ಚಿಡುವುದು ಬೇಡ. ಈ ಲೋಕದಲ್ಲಿ ಅಂಥ ಶಿಕ್ಷೆಗೆ ಕುರ್‌ಆನಿನ ಆಧಾರವಿಲ್ಲವೆಂದು ಪಾಕಿಸ್ತಾನದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಎ. ರಹಮಾನ್ ಅವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೊರಹೋಗುವ ಸ್ವಾತಂತ್ರ್ಯವಿಲ್ಲದೆ ಒಳಬರುವ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ.

ಪ್ಯಾಲೆಸ್ತೀನಿಗಾಗಿ ನಾವು ದನಿ ಎತ್ತುತ್ತೇವೆ, ಎತ್ತಲೇಬೇಕು. ಕರ್ನಾಟಕದ ಉಲೇಮಾಗಳು (ಧರ್ಮಪಂಡಿತರು), ಜಮಾಅತ್‌ಗಳ ಹಿರಿಯರು ಸಿಂಧ್‌ನ ಈ ಹೆಣ್ಣುಮಕ್ಕಳ ಪರವಾಗಿಯೂ ಜುಮಾ ಖುತ್ಬಾದಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಮಾತಾಡಬೇಕು. ಬಲವಂತದ ಕಲಿಮಾ ಕಲಿಮಾ ಅಲ್ಲವೆಂದು ಲಿಖಿತ ಫತ್ವಾ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

– ಓದುಗ, ವಿಜಯಪುರ