ಎಂಜಿನ್ ತೊಳೆಯುವುದು ಹುಡುಕುವುದಕ್ಕೆ, ಮುಚ್ಚಿಡುವುದಕ್ಕಲ್ಲ



ಇಸ್ತಿಮಾರಾ ನವೀಕರಣದ ತಿಂಗಳು ಬಂತೆಂದರೆ ಕತಾರಿನಲ್ಲಿರುವ ನಮಗೆಲ್ಲ ಕಾರಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಬಾನೆಟ್ ಎತ್ತಿಸಿ, ಎಂಜಿನ್ ತೊಳೆಸಿ, ಎಣ್ಣೆಯ ಜಿಡ್ಡು ಕಾಣದಂತೆ ಮಾಡಿ ತಪಾಸಣೆಗೆ ಒಯ್ಯುತ್ತೇವೆ. ಪಾಸಾಯಿತೋ, ಮುಂದಿನ ವರ್ಷದವರೆಗೆ ಆ ಕಡೆ ತಲೆ ಹಾಕುವುದಿಲ್ಲ. ನಾನೂ ಹಾಗೆ ಮಾಡಿದವನೇ. ಆದ್ದರಿಂದ ಇದನ್ನು ಉಪದೇಶ ಅಂದುಕೊಳ್ಳದೆ ತಪ್ಪೊಪ್ಪಿಗೆ ಅಂತ ಓದಿಕೊಳ್ಳಿ.

ಅಲ್ ವುಕೈರ್‌ನ ನಮ್ಮ ಮನೆ ಮುಂದೆ ನಿಲ್ಲುವ ಹಳೇ ಜಪಾನಿ ಕಾರಿನ ಕೆಳಗೆ ಒಂದು ದಿನ ಹನಿ ಕಾಣಿಸಿತು. ಬೇಸಿಗೆಯಲ್ಲಿ ಕಾರಿನಡಿ ನೀರು ತೊಟ್ಟಿಕ್ಕುವುದು ಇಲ್ಲಿ ಮಾಮೂಲು, ಅದು ಏಸಿಯ ನೀರು. ಇದು ಕಪ್ಪು ಜಿಡ್ಡು. ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಎರಡೇ ನಿಮಿಷದಲ್ಲಿ "ರಿಯರ್ ಮೇನ್ ಸೀಲ್" ಅಂದ. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿಯಲ್ಲಿರುವ ರಬ್ಬರ್ ಬಳೆ ಅದು. ಬೆಲೆ ಅಲ್ಪ, ಆದರೆ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. 1,600 ರಿಯಾಲ್ ಎಣಿಸಿಕೊಟ್ಟೆ. ಮೂರು ವಾರಕ್ಕೆ ಅದೇ ಜಾಗದಲ್ಲಿ ಅದೇ ಹನಿ!

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ಸಂಗತಿ ಗೊತ್ತು. ಅಡುಗೆಮನೆಯಲ್ಲಿ ಮಳೆನೀರು ಸೋರಿದರೆ ನನ್ನಪ್ಪ ಅದರ ನೇರ ಮೇಲಿನ ಹೆಂಚನ್ನು ಮುಟ್ಟುತ್ತಿರಲಿಲ್ಲ. ಒಡೆದ ಹೆಂಚು ಇನ್ನೂ ಮೇಲೆಲ್ಲೋ ಇರುತ್ತದೆ, ನೀರು ಪಕಾಸು ರೀಪುಗಳ ಗುಂಟ ಹರಿದು ಬಂದು ಇಲ್ಲಿ ಬೀಳುತ್ತದೆ. ಎಂಜಿನ್ನಿನಲ್ಲೂ ಹಾಗೇ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿದರೂ ಹನಿ ಬೀಳುವುದು ಕೆಳಗಿನ ಹಿಂದಿನ ಮೂಲೆಯಲ್ಲೇ. ಮೊದಲ ವರ್ಷ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಸು ಮಾಡಿದವನು, ಆಫೀಸಿನಲ್ಲಿ ದಿನವಿಡೀ ಬೇರೆಯವರ ಕೋಡಿನ ಬಗ್ ಹುಡುಕುವವನು, "ಅದೇ ಸೀಲ್ ಅಂತ ಹೇಗೆ ಗೊತ್ತಾಯಿತು?" ಅಂತ ಒಂದು ಮಾತು ಕೇಳಲಿಲ್ಲ.

ಬೇಸತ್ತು ಕಾರು ಮಾರುವ ಯೋಚನೆ ಮಾಡಿದೆ. ಊರಿಂದ ಹೊಸದಾಗಿ ಬಂದಿದ್ದ ಒಂದು ಕನ್ನಡ ಕುಟುಂಬ ನೋಡಲು ಬರುತ್ತೇವೆ ಅಂದಿತು. ಎರಡು ವರ್ಷದ ಮಗುವಿರುವ ದಂಪತಿ. ನಾನು ಮೊದಲು ಮಾಡಿದ ಕೆಲಸ ಎಂಜಿನ್ ತೊಳೆಸಿದ್ದು. "ಸೋರುತ್ತೆ ಅಂತ ಅವರಿಗೆ ಹೇಳಿದ್ರಾ?" ಅಂತ ನನ್ನ ಹೆಂಡತಿ ಕೇಳಿದಳು. ಉತ್ತರ ಕೊಡಲಾಗದೆ ಟಾರ್ಚ್ ಹಿಡಿದು ಹೊರಗೆ ಹೋದೆ. ಫಳಫಳ ಹೊಳೆಯುತ್ತಿದ್ದ ಎಂಜಿನ್ನಿನ ಮೇಲೆ ಒಂದೇ ಒಂದು ಹೊಸ ಎಣ್ಣೆ ಗೆರೆ. ವಾಲ್ವ್ ಕವರಿನ ಹಿಂದಿನ ಮೂಲೆಯಿಂದ ಹೊರಟು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಇಳಿದಿತ್ತು. ನೂರಾರು ಡಿಗ್ರಿ ಕಾಯುವ ಭಾಗ ಅದು. ಅಲ್ಲಿ ಎಣ್ಣೆ ಬಿದ್ದರೆ ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಗ್ರಹಚಾರ ಕೆಟ್ಟರೆ ಬೆಂಕಿ. ಆ ಮಗುವನ್ನು ಯಾವ ಕಾರಿನಲ್ಲಿ ಕೂರಿಸಲು ಹೊರಟಿದ್ದೆ ಅಂತ ಆಗ ಹೊಳೆಯಿತು. ಆ ರಾತ್ರಿಯೇ ಫೋನ್ ಮಾಡಿ ಇದ್ದದ್ದನ್ನು ಹೇಳಿ ಬರುವುದು ಬೇಡ ಅಂದೆ.

ಮುಂದಿನ ಶುಕ್ರವಾರ ಕವರ್ ಬಿಚ್ಚಿದೆ. ವರ್ಷಗಟ್ಟಲೆ ಬೆಂದ ಗ್ಯಾಸ್ಕೆಟ್ ರಬ್ಬರಿನ ಗುಣ ಕಳೆದುಕೊಂಡು ಪ್ಲಾಸ್ಟಿಕ್ಕಿನಂತೆ ಲಟಕ್ಕೆಂದು ಮುರಿಯಿತು. ಜೊತೆಗೆ ಪಿಸಿವಿ ವಾಲ್ವ್ ಕಟ್ಟಿಕೊಂಡಿತ್ತು. ಪಿಸ್ಟನ್ ಪಕ್ಕದಿಂದ ನುಸುಳುವ ಅನಿಲ ಹೊರಹೋಗುವ ಬಾಗಿಲು ಅದು. ಬಾಗಿಲು ಮುಚ್ಚಿದರೆ ಒಳಗಿನ ಒತ್ತಡ ಏರಿ ಎಣ್ಣೆಯನ್ನು ಸೀಲುಗಳಿಂದ ಹೊರಗೆ ನೂಕುತ್ತದೆ. ಅದನ್ನು ಬಿಟ್ಟು ಬರೀ ಸೀಲ್ ಬದಲಿಸಿದರೆ ಹೊಸ ಸೀಲೂ ಸೋರಬಹುದು. ಎರಡೂ ಭಾಗಕ್ಕೆ 190 ರಿಯಾಲ್ ಆಯಿತು. ಬೋಲ್ಟುಗಳನ್ನು ಕಂಪನಿ ಪುಸ್ತಕ ಹೇಳಿದಷ್ಟೇ, ಟಾರ್ಕ್ ವ್ರೆಂಚ್ ಇಟ್ಟು ಬಿಗಿದೆ. ಅದು ಬಹಳ ಕಾರುಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಮಣಿಕಟ್ಟಿನ ಬಲ ಸಾಕು. ಶಕ್ತಿ ಬಿಟ್ಟು ಬಿಗಿದರೆ ಕವರ್ ಸೊಟ್ಟಗಾಗಿ ಮತ್ತೆ ಸೋರುತ್ತದೆ. ಇನ್ನು ಸಿಲಿಕೋನ್ ಅಂಟನ್ನು ಹೋಳಿಗೆಗೆ ತುಪ್ಪ ಬಳಿದ ಹಾಗೆ ಬಳಿದರೆ ಉಳಿದ ಚೂರು ಒಳಗೆ ಬಿದ್ದು ಎಣ್ಣೆ ಸೋಸುವ ಜಾಲರಿಯನ್ನೇ ಮುಚ್ಚಬಹುದು.

ಪತ್ತೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ರಾತ್ರಿ ಕಾರಿನಡಿ ರಟ್ಟು ಹಾಸಿ. ಕಂದು ಅಥವಾ ಕಪ್ಪು ಬಣ್ಣವಿದ್ದರೆ ಎಂಜಿನ್ ಎಣ್ಣೆ, ಕೆಂಪಗೆ ಜಿಡ್ಡಾಗಿದ್ದರೆ ಹೆಚ್ಚಾಗಿ ಗೇರ್‌ಬಾಕ್ಸಿನದು, ಹಸಿರೋ ಗುಲಾಬಿಯೋ ಆಗಿದ್ದರೆ ಕೂಲೆಂಟ್. ಆಮೇಲೆ ತಣ್ಣಗಿರುವ ಎಂಜಿನ್ನನ್ನು ತೊಳೆಸಿ, ಸ್ವಲ್ಪ ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಒದ್ದೆಯಾದ ಅತಿ ಎತ್ತರದ ಜಾಗವೇ ನಿಮ್ಮ ಒಡೆದ ಹೆಂಚು. ಅದೂ ಸಾಲದಿದ್ದರೆ ಎಣ್ಣೆಗೆ ಬಣ್ಣ ಬೆರೆಸಿ ಅಲ್ಟ್ರಾವಯೊಲೆಟ್ ಟಾರ್ಚಿನಲ್ಲಿ ನೋಡುವ ಕ್ರಮವಿದೆ.

ಹೆಡ್ ಗ್ಯಾಸ್ಕೆಟ್ ಮಾತ್ರ ಬೇರೆ ಜಾತಿ, ಅದು ಹೊರಗೆ ಹನಿಸದೆಯೂ ಕೆಡುತ್ತದೆ. ಕೂಲೆಂಟ್ ಸುಮ್ಮನೆ ಕಡಿಮೆಯಾಗುವುದು, ನಿಲ್ಲದ ಬಿಳಿ ಹೊಗೆ, ಎಣ್ಣೆ ಮುಚ್ಚಳದಡಿ ಮಜ್ಜಿಗೆಯಂಥ ಕೆನೆ, ಉಷ್ಣತೆಯ ಮುಳ್ಳು ಏರುವುದು ಇದರ ಸೂಚನೆಗಳು. ಮುಳ್ಳು ಏರಿದರೆ "ಮನೆ ಮುಟ್ಟಿಬಿಡೋಣ" ಅನ್ನದೆ ಅಲ್ಲೇ ನಿಲ್ಲಿಸಿ, ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಇದಕ್ಕೂ ಪರೀಕ್ಷೆಯಿದೆ. ಸಿಲಿಂಡರಿನ ಅನಿಲ ಕೂಲೆಂಟಿಗೆ ಸೇರಿದ್ದರೆ ಪರೀಕ್ಷಾ ದ್ರವ ನೀಲಿಯಿಂದ ಹಳದಿಗೆ ತಿರುಗುತ್ತದೆ. ಎಂಜಿನ್ ಬಿಚ್ಚಿಸುವ ಮೊದಲು ಇದನ್ನು ಮಾಡಿಸಿ. ಬಿಚ್ಚಿದ ಮೇಲೆ ಹೆಡ್ ಸಪಾಟಾಗಿದೆಯೇ ಅಳೆಸಿ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹೊಸ ಗ್ಯಾಸ್ಕೆಟ್ ನಿಲ್ಲುವುದು ಕಷ್ಟ.

ಹಾಗಂತ ಗ್ಯಾರೇಜಿನವರನ್ನೇ ದೂರಿ ಕೂತರೆ ನ್ಯಾಯವಲ್ಲ. 45 ಡಿಗ್ರಿ ಬಿಸಿಲಲ್ಲಿ ದುಡಿಯುವ ಮನುಷ್ಯನಿಗೆ "ಬೇಗ ಮಾಡು, ಕಡಿಮೆಗೆ ಮಾಡು" ಅನ್ನುವವರು ನಾವೇ. ಭಾಗ ಬದಲಿಸಿದ್ದಕ್ಕೆ ದುಡ್ಡು ಕೊಡುತ್ತೇವೆ, ಹುಡುಕಿದ್ದಕ್ಕೆ ಕೊಡಲು ಕೈ ಬರುವುದಿಲ್ಲ. ಇನ್ನು ಮೇಲೆ "ಮೊದಲು ತೊಳೆದು ಹುಡುಕು, ಸೋರುವ ಜಾಗ ನನಗೆ ತೋರಿಸು, ಅದಕ್ಕೆ ಬೇರೆ ಕೂಲಿ ಕೊಡುತ್ತೇನೆ" ಅಂತ ಕೇಳಿ ನೋಡಿ. ನನ್ನ 1,600 ರಿಯಾಲ್ ಉಳಿಯುತ್ತಿದ್ದದ್ದು ಅಷ್ಟರಲ್ಲೇ.

ಇನ್ನೊಂದು ಮಾತು, ಇದೇ ಮುಖ್ಯ. ನಾವೆಲ್ಲ ಒಂದಲ್ಲ ಒಂದು ದಿನ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವವರು. ಹೋಗುವಾಗ ಕಾರು ಸೇರುವುದು ಹೆಚ್ಚಾಗಿ ನಮ್ಮವರ ಕೈಗೇ. "ಕನ್ನಡದವರು, ಮೋಸ ಇರಲ್ಲ" ಅಂತ ನಂಬಿ ಬರುತ್ತಾರೆ. ಎಂಜಿನ್ ತೊಳೆಸಿಯೇ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ಸೋರುತ್ತಿತ್ತು ಅಂತ ಬಾಯಿಬಿಟ್ಟು ಹೇಳಿ, ಬೇಕಾದರೆ ಬೆಲೆ ಇನ್ನೂರು ಇಳಿಸಿ.

ನಮ್ಮ ಕಾರು ಈಗಲೂ ನಮ್ಮ ಬಳಿಯೇ ಇದೆ. ಆ ಕುಟುಂಬ ಬೇರೆ ಕಾರು ಕೊಂಡಿತು. ಕೊಳ್ಳುವ ಮುಂಚೆ ಎಂಜಿನ್ ನೋಡಿ ಹೇಳಿ ಅಂತ ಕರೆದದ್ದು ನನ್ನನ್ನೇ!

ಏನಂತೀರಿ? ನಿಮ್ಮ ಅನುಭವವನ್ನೂ ಬರೆದು ಕಳಿಸಿ.