ಹೇಳುವವರಿದ್ದಾರೆ, ಕೇಳುವವರೆಲ್ಲಿ?

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯಾದೊಡನೆ ವಿದ್ಯಾರ್ಥಿಯೊಬ್ಬನು ಅಂದಿನ ವಾರ್ತೆಗಳನ್ನು ಓದುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. 2023ರ ಜುಲೈ ಕೊನೆಯ ವಾರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಆಫ್ರಿಕಾದ ನೈಜರ್ ದೇಶದಲ್ಲಿ ಸೈನಿಕರು ಅಧ್ಯಕ್ಷ ಮೊಹಮದ್ ಬಜೂಮರನ್ನು ಸೆರೆಯಲ್ಲಿಟ್ಟು ಅಧಿಕಾರ ಹಿಡಿದರೆಂಬ ಸುದ್ದಿಯನ್ನು ಓದಿದಳು. ಅಲ್ಲಿನ ಹದಿನೈದು ದೇಶಗಳ ಸಂಘವೊಂದು ಸೈನಿಕರಿಗೆ ಒಂದು ವಾರದ ಗಡುವು ಕೊಟ್ಟಿದೆಯೆಂಬ ಸುದ್ದಿಯೂ ಮರುವಾರ ಬಂದಿತು. ಆಗ ತರಗತಿಯಲ್ಲಿ ಒಬ್ಬನು ಎದ್ದು ನಿಂತು ಕೇಳಿದ: "ಅಷ್ಟು ದೊಡ್ಡ ಸಂಘಕ್ಕೆ, ಹೀಗಾಗುತ್ತದೆಂದು ಮೊದಲೇ ಹೇಳುವವರು ಯಾರೂ ಇರಲಿಲ್ಲವೆ?"

ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಕನ್ನಡ ಕಲಿಸುವವರಿಗೆ ಪಶ್ಚಿಮ ಆಫ್ರಿಕಾದ ಗೊಡವೆ ಏಕೆಂದು ಹಿರಿಯ ಸಹೋದ್ಯೋಗಿಗಳೊಬ್ಬರು ನಕ್ಕದ್ದೂ ಉಂಟು. ಆದರೂ ಹುಡುಗನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಓದಿ ನೋಡಿದಾಗ ಕಂಡದ್ದು ಇಷ್ಟು: ಹೇಳುವವರಿಗೆ ಅಲ್ಲಿ ಕೊರತೆಯೇ ಇರಲಿಲ್ಲ.

ಈ ಸಂಘದ ಹೆಸರು ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯ, ಚಿಕ್ಕದಾಗಿ ಇಕೋವಾಸ್. 1975ರ ಮೇ 28ರಂದು ಲಾಗೋಸಿನಲ್ಲಿ ಹುಟ್ಟಿದ್ದು ವ್ಯಾಪಾರಕ್ಕಾಗಿ. ಆದರೆ ನೆರೆಮನೆಗೆ ಬೆಂಕಿ ಬಿದ್ದಾಗ ಅಂಗಡಿಯ ಲೆಕ್ಕ ಬರೆಯುತ್ತ ಕುಳಿತಿರಲು ಯಾರಿಂದಲೂ ಆಗದು. 1989ರ ಕ್ರಿಸ್ಮಸ್ ಮುನ್ನಾದಿನ ಲೈಬೀರಿಯದಲ್ಲಿ ಅಂತರ್ಯುದ್ಧ ತೊಡಗಿತು. 1990ರ ಆಗಸ್ಟಿನಲ್ಲಿ ಇಕೋವಾಸ್ ತನ್ನದೇ ಶಾಂತಿಪಡೆಯನ್ನು ಅಲ್ಲಿಗಿಳಿಸಿತು. ಸಿದ್ಧತೆ ಸಾಲದೆ ಇಳಿದ ಪಡೆ ಅದು. ಸೆಪ್ಟೆಂಬರಿನಲ್ಲಿ ಲೈಬೀರಿಯದ ಅಧ್ಯಕ್ಷ ಸ್ಯಾಮ್ಯುಯೆಲ್ ಡೋ ಅದೇ ಪಡೆಯ ಕಚೇರಿಗೆ ಬಂದಿದ್ದಾಗ ಬಂಡಾಯಗಾರರು ಅವನನ್ನು ಹಿಡಿದೊಯ್ದು ಕೊಂದರು.

ಆ ಅನುಭವದಿಂದ ಪಾಠ ಕಲಿತು, 1999ರ ಡಿಸೆಂಬರಿನಲ್ಲಿ ಲೋಮೆ ನಗರದಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡರು. ಕಲಹವನ್ನು ಮೊದಲೇ ಮೂಸಿ ನೋಡಿ ತಿಳಿಸುವ ಕೇಂದ್ರಗಳು, ರಾಜಿ ಮಾಡಿಸಲು ಹಿರಿಯರ ಮಂಡಲಿ, ತೀರ್ಮಾನಕ್ಕೆ ಭದ್ರತಾ ಮಂಡಲಿ. ನಮ್ಮಲ್ಲಿ ಅಶ್ವತ್ಥಕಟ್ಟೆಯಲ್ಲಿ ಹಿರಿಯರು ಕುಳಿತು ವ್ಯಾಜ್ಯ ತೀರಿಸುತ್ತಿದ್ದಂತೆ ಆ ನಾಡುಗಳಲ್ಲೂ ಮರದಡಿಯ ಮಾತುಕತೆಯ ಸಂಪ್ರದಾಯವಿದೆ. ಹಿರಿಯರ ಮಂಡಲಿ ಅವರಿಗೆ ಹೊಸದೇನಲ್ಲ. ಮುನ್ನೆಚ್ಚರಿಕೆಗಾಗಿ ಪ್ರದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಔಗಾಡೌಗು ನಗರದ ಕೇಂದ್ರಕ್ಕೆ ಬಂದ ಪಾಲು ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಮಾಲಿ, ನೈಜರ್. ಈ ನಾಲ್ಕರಲ್ಲಿ ಮೂರು ದೇಶಗಳು 2020ರಿಂದ 2023ರೊಳಗೆ ಸೈನಿಕರ ಕೈಸೇರಿದವೆಂಬುದನ್ನು ಓದುಗರು ಗಮನಿಸಬೇಕು. ಕಾವಲುಗಾರನಿದ್ದ ಮನೆಯಲ್ಲೇ ಕಳವಾಯಿತು.

ಹಾಗೆಂದು ಹಿತವಚನ ಎಂದೂ ಫಲಿಸಿಲ್ಲವೆನ್ನಲಾಗದು. 2003ರ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರು ಮುಖ್ಯವಾಗಿ ತಿಳಿಯಬೇಕು. ಲೈಬೀರಿಯದಲ್ಲಿ ಮತ್ತೆ ಯುದ್ಧ. ಲೇಮಾ ಗ್ಬೋವಿ ಎಂಬ ತಾಯಿಯೊಬ್ಬಳ ಮುಂದಾಳುತನದಲ್ಲಿ ಕ್ರೈಸ್ತ ಹೆಂಗಸರೂ ಮುಸಲ್ಮಾನ ಹೆಂಗಸರೂ ಬಿಳಿಯುಡುಗೆ ತೊಟ್ಟು, ಮಾನ್ರೋವಿಯ ನಗರದ ಮೀನುಮಾರುಕಟ್ಟೆಯ ಬಳಿ ಬಿಸಿಲು ಮಳೆಯೆನ್ನದೆ ದಿನವೂ ಕುಳಿತರು. ಘಾನಾ ದೇಶದ ಆಕ್ರಾದಲ್ಲಿ ಇಕೋವಾಸ್ ನಡೆಸಿದ ಸಂಧಾನಕ್ಕೆ ಅವರಲ್ಲಿ ಕೆಲವರು ಹಿಂಬಾಲಿಸಿ ಹೋದರು. ಒಳಗೆ ಬಂದೂಕಿನ ನಾಯಕರು ಯಾವ ಖಾತೆ ಯಾರಿಗೆಂದು ವಾರಗಟ್ಟಲೆ ಜಗ್ಗಾಡುತ್ತಿದ್ದರು. ಊರಿನಲ್ಲಿ ಗುಂಡಿಗೆ ಜನ ಸಾಯುತ್ತಿದ್ದರು. ಜುಲೈ ತಿಂಗಳ ಒಂದು ದಿನ ಈ ಹೆಂಗಸರು ಕೈಗೆ ಕೈ ಹೆಣೆದು ಸಭಾಭವನದ ಬಾಗಿಲಿಗೆ ಅಡ್ಡ ಕುಳಿತುಬಿಟ್ಟರು. ಒಪ್ಪಂದವಿಲ್ಲದೆ ಒಬ್ಬರನ್ನೂ ಹೊರಗೆ ಬಿಡೆವೆಂದರು. ಬಂಧಿಸಲು ಕಾವಲಿನವರು ಬಂದಾಗ ಗ್ಬೋವಿ ತನ್ನ ಬಟ್ಟೆಯನ್ನೇ ಕಳಚಲು ತೊಡಗಿದಳು. ತಾಯಿ ತಾನಾಗಿ ಹಾಗೆ ಮಾಡಿದರೆ ನೋಡಿದವನಿಗೆ ಶಾಪವೆಂಬುದು ಆ ನಾಡಿನ ನಂಬಿಕೆ. ಸಂಧಾನಕಾರರಾಗಿದ್ದವರು ನೈಜೀರಿಯದ ಹಿಂದಿನ ಸೇನಾಡಳಿತಗಾರ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್. ಅವರು ಹೆಂಗಸರನ್ನು ಗದರಿಸಲಿಲ್ಲ. ಹೊರಗೆ ಬಂದು ಅವರ ಮಾತು ಕೇಳಿದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಗ್ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪಾರಿತೋಷಕದ ಪಾಲು ಬಂದಿತು. (ಆ ಶಾಂತಿಯನ್ನು ಕಾಯಲು 2007ರಲ್ಲಿ ನಮ್ಮ ದೇಶದಿಂದ ಹೋದದ್ದು ಬರಿಯ ಮಹಿಳೆಯರದೇ ಪೊಲೀಸ್ ದಳ, ವಿಶ್ವಸಂಸ್ಥೆಯ ಚರಿತ್ರೆಯಲ್ಲಿ ಅಂಥದು ಮೊದಲನೆಯದು.)

ಇಷ್ಟು ಕೇಳಿಸಿಕೊಳ್ಳಬಲ್ಲ ಸಂಘ ಮುಂದೆ ಕಿವುಡಾದದ್ದೇಕೆ? ನಮ್ಮ ಅಭಿಪ್ರಾಯದಲ್ಲಿ, ಬಂದೂಕು ಹಿಡಿದವನಿಗೆ ಬುದ್ಧಿ ಹೇಳುವುದು ಅದಕ್ಕೆ ಸುಲಭ, ತನ್ನ ಸಭೆಯ ಕುರ್ಚಿಯಲ್ಲೇ ಕುಳಿತವನಿಗೆ ಹೇಳುವುದು ಕಷ್ಟ. 2001ರಲ್ಲಿ ಡಾಕಾರಿನ ಒಡಂಬಡಿಕೆಯಲ್ಲಿ, ಸಂವಿಧಾನಬಾಹಿರವಾಗಿ ಅಧಿಕಾರ ಪಡೆಯುವುದನ್ನು ಕಿಂಚಿತ್ತೂ ಸಹಿಸೆವೆಂದು ಬರೆದರು. ಒಳ್ಳೆಯದು. ಆದರೆ ಸಂವಿಧಾನವನ್ನೇ ತಿದ್ದಿ ಕುರ್ಚಿಗೆ ಅಂಟಿಕೊಂಡರೆ? ಯಾವ ಅಧ್ಯಕ್ಷನೂ ಎರಡು ಅವಧಿಗಿಂತ ಹೆಚ್ಚು ಆಳಬಾರದೆಂಬ ಸೂಚನೆ 2015ರ ಶೃಂಗಸಭೆಯ ಮುಂದೆ ಬಂದಿತ್ತು. ಗ್ಯಾಂಬಿಯ ಮತ್ತು ಟೋಗೊ ಒಪ್ಪದ ಕಾರಣ ಬಿದ್ದುಹೋಯಿತು. ಗಿನಿಯಲ್ಲಿ ಆಲ್ಫಾ ಕೊಂಡೆ 2020ರಲ್ಲಿ ಹೊಸ ಸಂವಿಧಾನ ಮಾಡಿಸಿ ಮೂರನೆಯ ಸಲ ಅಧ್ಯಕ್ಷರಾದರು. ಬೀದಿಯಲ್ಲಿ ಪ್ರತಿಭಟಿಸಿದವರು ಗುಂಡೇಟು ತಿಂದರು. ಆಗ ಇಕೋವಾಸ್ ಗಿನಿಯನ್ನು ಸಂಘದಿಂದ ಅಮಾನತು ಮಾಡಲಿಲ್ಲ. 2021ರ ಸೆಪ್ಟೆಂಬರ್ 5ರಂದು ಸೈನಿಕರು ಕೊಂಡೆಯನ್ನು ಕೆಳಗಿಳಿಸಿದಾಗ ಕೆಲವೇ ದಿನಗಳಲ್ಲಿ ಅಮಾನತು ಬಂದಿತು. ಜನ ಸೈನಿಕರಿಗೆ ಚಪ್ಪಾಳೆ ತಟ್ಟಿದರು. ಸೈನಿಕರಾಳ್ವಿಕೆ ಒಳ್ಳೆಯದೆಂದು ನಾವು ಎಂದಿಗೂ ಹೇಳೆವು. ಆದರೆ ಆ ಚಪ್ಪಾಳೆಯಲ್ಲಿ ಇಕೋವಾಸ್ ತನ್ನ ತಪ್ಪನ್ನೂ ಕೇಳಿಸಿಕೊಳ್ಳಬೇಕಿತ್ತು.

ನಮ್ಮೂರಿನ ತಾಳಮದ್ದಳೆಗಳಲ್ಲಿ ಕೃಷ್ಣಸಂಧಾನ ಪ್ರಸಂಗವನ್ನು ಕೇಳದವರಿಲ್ಲ. ಕೌರವನ ಸಭೆಯಲ್ಲಿ ಭೀಷ್ಮನಿದ್ದ, ದ್ರೋಣನಿದ್ದ, ವಿದುರನಿದ್ದ. ಬುದ್ಧಿ ಹೇಳುವವರಿಗೆ ಬಡತನವಿತ್ತೆ?

ಇನ್ನು ನೈಜರಿನ ವಿಷಯ. ಗಡುವು ಕೊಟ್ಟದ್ದಲ್ಲದೆ ಗಡಿ ಮುಚ್ಚಿದರು, ವ್ಯವಹಾರ ನಿಲ್ಲಿಸಿದರು, ನೈಜೀರಿಯ ವಿದ್ಯುತ್ತನ್ನೂ ಕಡಿದುಹಾಕಿತು. ಪೆಟ್ಟು ಬಿದ್ದದ್ದು ಯಾರಿಗೆ? ನೈಜೀರಿಯದ ಕಟ್ಸಿನಾ ಸೀಮೆಯ ಜಿಬಿಯಾ ಊರಿಗೂ ನೈಜರಿನ ಮರಾಡಿ ಪಟ್ಟಣಕ್ಕೂ ನಡುವೆ ಇರುವುದು ಇಂಗ್ಲಿಷರೂ ಫ್ರೆಂಚರೂ ಎಳೆದ ಒಂದು ಗೆರೆ. ಎರಡು ಕಡೆಯವರಾಡುವುದು ಒಂದೇ ಹೌಸಾ ಭಾಷೆ. ಕೊಡುಕೊಳ್ಳುವಿಕೆ, ನಂಟಸ್ತಿಕೆ ಎಲ್ಲವೂ ಗೆರೆ ದಾಟಿ ನಡೆಯುವಂಥವು. ಇದನ್ನು ಓದುವಾಗ ನಮಗೆ 2020ರ ಮಾರ್ಚ್ ನೆನಪಾಯಿತು. ಸಾಂಕ್ರಾಮಿಕದ ಭೀತಿಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಂತುಬಿಟ್ಟರು. ಚಿಕಿತ್ಸೆ ದೊರೆಯದೆ ಪ್ರಾಣಬಿಟ್ಟವರೂ ಇದ್ದರು. ಅಪ್ಪಣೆ ಹೊರಡಿಸುವ ಮೊದಲು ಗಡಿಯವರನ್ನು ಒಂದು ಮಾತು ಕೇಳಿದವರಿರಲಿಲ್ಲ. ಜಿಬಿಯಾದವರ ಸಂಕಟ ನಮಗೆ ಭೂಗೋಳದ ಪಾಠವಾಗಿ ಮಾತ್ರ ಉಳಿಯದಿರಲು ಇದೇ ಕಾರಣ.

ಯುದ್ಧವೊಂದು ತಪ್ಪಿತು. ಸೈನ್ಯ ಕಳುಹಿಸುವುದು ಬೇಡ, ಮಾತುಕತೆಯಾಗಲಿ ಎಂದು ನೈಜೀರಿಯದ ಸೆನೆಟ್ ಅಧ್ಯಕ್ಷರಿಗೆ ಹೇಳಿತು; ಅಲ್ಲಿನ ಧರ್ಮಗುರುಗಳು ನಿಯಾಮೆಗೇ ಹೋಗಿ ಸೈನಿಕ ನಾಯಕನೊಡನೆ ಮಾತನಾಡಿ ಬಂದರು. ಕೇಳಿದ್ದರಿಂದ ಆದ ಲಾಭ ಇದು. ಆದರೆ ಮನಸ್ಸು ಮುರಿದಿತ್ತು. ನಿರ್ಬಂಧಗಳನ್ನು 2024ರ ಫೆಬ್ರವರಿಯಲ್ಲಿ ಸಡಿಲಿಸುವ ಹೊತ್ತಿಗೆ ಮಾಲಿ, ಬುರ್ಕಿನಾ, ನೈಜರ್ ಮೂರೂ ಹೊರನಡೆಯುವೆವೆಂದು ಸಾರಿಯಾಗಿತ್ತು. 2025ರ ಜನವರಿ 29ರಂದು ಅದು ಅಧಿಕೃತವೂ ಆಯಿತು. ಹದಿನೈದು ಹೋಗಿ ಹನ್ನೆರಡು ಉಳಿಯಿತು.

ಸಲಹೆ ಕೊಡಿರೆಂದು ಅಬೂಜಾದ ಕಚೇರಿಯಿಂದ ನಮ್ಮ ಶಾಲೆಗೆ ಕಾಗದ ಬರಲಾರದು, ನಿಜ. ಬಂದರೆ ಬರೆಯುವುದಕ್ಕೆ ನಮ್ಮಲ್ಲಿ ಮಾತಿದೆ. 2015ರಲ್ಲಿ ಕೈಬಿಟ್ಟ ಎರಡು ಅವಧಿಯ ಕಟ್ಟನ್ನು ಮತ್ತೆ ಸಭೆಗೆ ತನ್ನಿ. ಗ್ಯಾಂಬಿಯದ ಅಂದಿನ ಅಧ್ಯಕ್ಷ ಯಾಹ್ಯಾ ಜಾಮೆ ಚುನಾವಣೆಯಲ್ಲಿ ಸೋತೂ ಕುರ್ಚಿ ಬಿಡದಿದ್ದಾಗ, 2017ರ ಜನವರಿಯಲ್ಲಿ ಅವನನ್ನು ಇಳಿಸಿ ಕಳುಹಿಸಿದವರು ನೀವೇ ಅಲ್ಲವೆ? ಮುನ್ನೆಚ್ಚರಿಕೆಯ ವರದಿಗಳು ಅಧ್ಯಕ್ಷರ ಮೇಜಿನ ಖಾನೆಯಲ್ಲಿ ಕೊಳೆಯದೆ ನಿಮ್ಮ ಸಮುದಾಯದ ಸಂಸತ್ತಿನಲ್ಲಿ ಎಲ್ಲರೂ ಕೇಳುವಂತೆ ಓದಲ್ಪಡಲಿ. ಗಡಿ ಮುಚ್ಚುವ ಮುಂಚೆ ಜಿಬಿಯಾದ ಧಾನ್ಯದ ವ್ಯಾಪಾರಿಯನ್ನೂ ಮರಾಡಿಯ ದಾದಿಯನ್ನೂ ಕರೆದು ಕೂರಿಸಿಕೊಳ್ಳಿ.

ಹೊರನಡೆದ ಮೂರು ದೇಶಗಳ ಜನರ ಪಾಸ್‌ಪೋರ್ಟುಗಳನ್ನು ಮುಂದಿನ ಆದೇಶದವರೆಗೆ ಮಾನ್ಯ ಮಾಡಬೇಕೆಂದು, ಅವರು ಅಗಲಿದ ದಿನವೇ ಇಕೋವಾಸ್ ತನ್ನ ಸದಸ್ಯರಿಗೆ ತಿಳಿಸಿತು. ಇದು ಯಾರ ಸಲಹೆಯೋ, ಅದನ್ನು ಕೊಟ್ಟವರು ಗಡಿಯನ್ನು ಕಂಡವರಿರಬೇಕು. ಆ ಮುಂದಿನ ಆದೇಶ ಹೇಗಿರುತ್ತದೆಂಬುದನ್ನು ನಾವೂ ನಮ್ಮ ವಿದ್ಯಾರ್ಥಿಗಳೂ ಬೆಳಗಿನ ವಾರ್ತೆಯಲ್ಲಿ ಎದುರುನೋಡುತ್ತಿದ್ದೇವೆ.